ಗೇಟಿನ ಕಾವಲಿಗೆ ಮುದ್ರೆ ಒತ್ತುವವರು ಯಾರು?

ಪ್ರವೇಶದ ದಿನಗಳು ಬಂದವೆಂದರೆ ಯಾದಗಿರಿ ರೈಲು ನಿಲ್ದಾಣದಲ್ಲಿ ಟ್ರಂಕು, ಹಾಸಿಗೆ ಸುರುಳಿ, ರೊಟ್ಟಿ ಗಂಟುಗಳ ಸಾಲು. ಶಹಾಪುರ, ಸುರಪುರದಲ್ಲಿ ರೈಲು ಇಲ್ಲವಾದ್ದರಿಂದ ಅಲ್ಲಿಯವರೂ ಬಸ್ಸಿನಲ್ಲಿ ಬಂದು ಇಲ್ಲಿಯೇ ಗಾಡಿ ಹತ್ತುತ್ತಾರೆ. ಕಾಲೇಜು ಒಳ್ಳೆಯದೋ ಅಲ್ಲವೋ ಎಂಬುದಕ್ಕೆ ತಂದೆ-ತಾಯಿಗೆ ‘ನ್ಯಾಕ್’ ದರ್ಜೆಯ ಆಸರೆ ಇದೆ. ಸುರಕ್ಷತೆಯ ವಿಷಯ ಬಂದಾಗ ಮಾತ್ರ ಕೇಳುವುದು ಒಂದೇ ಪ್ರಶ್ನೆ: ‘ಗೇಟಿಗೆ ವಾಚ್‌ಮನ್ ಅದಾನಿಲ್ಲವ್ವಾ?’

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83. ರಾಜ್ಯದಲ್ಲೇ ಕಡೆಯ ಸ್ಥಾನ. ಮಹಿಳೆಯರದು ಶೇ 41.38. ಇಂಥ ಜಿಲ್ಲೆಯಲ್ಲಿ ಹಾಸ್ಟೆಲ್‌ನಲ್ಲಿ ಒಂದು ಅಹಿತಕರ ಘಟನೆ ನಡೆದರೆ ಸಾಕು, ಊರಿನ ಇನ್ನೂ ನಾಲ್ಕು ಹುಡುಗಿಯರ ಓದು ಪಿಯುಸಿಗೇ ನಿಂತೀತು. ಆದ್ದರಿಂದ ಕಾವಲು ಕಾಯುವವರನ್ನು ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆ ಸಣ್ಣದಲ್ಲ.

ಅಮೆರಿಕದಲ್ಲಿ ಅನೇಕ ವಿಶ್ವವಿದ್ಯಾಲಯಗಳಿಗೆ ಸ್ವಂತ ಪೊಲೀಸ್ ಇಲಾಖೆಯೇ ಉಂಟು. ಬಂದೂಕು, ಬಂಧಿಸುವ ಅಧಿಕಾರ ಎಲ್ಲವೂ ಇರುವ ಪೊಲೀಸರು. ಇಂಥ ಇಲಾಖೆಗಳಿಗೂ ಮಾನ್ಯತೆ ನೀಡುವ ಪದ್ಧತಿ ಅಲ್ಲಿದೆ. 1979ರಲ್ಲಿ ನಾಲ್ಕು ಪೊಲೀಸ್ ಸಂಘಗಳು ಸೇರಿ ಸ್ಥಾಪಿಸಿದ ‘ಕಾಲಿಯಾ’ ಎಂಬ ಆಯೋಗ ಇದಕ್ಕೆ ಹೆಸರಾದದ್ದು. ಮಾನ್ಯತೆ ಬಯಸುವ ಇಲಾಖೆ ಮೊದಲು ತನ್ನ ನಿಯಮಗಳನ್ನೆಲ್ಲ ಲಿಖಿತ ರೂಪಕ್ಕೆ ತರಬೇಕು. ಬಲಪ್ರಯೋಗ ಯಾವಾಗ, ವಶಪಡಿಸಿದ ವಸ್ತು ಎಲ್ಲಿಡಬೇಕು, ಪೊಲೀಸರ ಮೇಲೇ ದೂರು ಬಂದರೆ ವಿಚಾರಣೆ ಮಾಡುವವರು ಯಾರು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಬಳಿಕ ಹೊರಗಿನ ಪರೀಕ್ಷಕರು ಬಂದು, ಬರೆದದ್ದಕ್ಕೂ ನಡೆಯುವುದಕ್ಕೂ ತಾಳೆ ನೋಡುತ್ತಾರೆ. ಸಾರ್ವಜನಿಕರೂ ಅಭಿಪ್ರಾಯ ಹೇಳಬಹುದು. ಒಮ್ಮೆ ಸಿಕ್ಕ ಮಾನ್ಯತೆ ಕಾಯಂ ಅಲ್ಲ, ನಾಲ್ಕು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದು ಕಡ್ಡಾಯವೇನಲ್ಲ. ಬೇಕಾದ ಇಲಾಖೆ ತಾನಾಗಿ ಮುಂದೆ ಬರುತ್ತದೆ.

ಕಡ್ಡಾಯವಾದ ಇನ್ನೊಂದು ಕ್ರಮ ಬಂದದ್ದು ಒಂದು ಸಾವಿನಿಂದ. 1986ರ ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿ 19 ವರ್ಷದ ಜೀನ್ ಕ್ಲೆರಿ ಕೊಲೆಯಾದಳು. ಕೊಂದವನು ಅಲ್ಲಿಯದೇ ವಿದ್ಯಾರ್ಥಿ. ತಾನೇ ಮುಚ್ಚಿ ಬೀಗ ಬೀಳಬೇಕಿದ್ದ ಬಾಗಿಲುಗಳನ್ನು ಯಾರೋ ಅಡ್ಡವಿಟ್ಟು ತೆರೆದಿಟ್ಟಿದ್ದರು. ಆ ಆವರಣದಲ್ಲಿ ಅದಕ್ಕೂ ಮುಂಚೆ ನಡೆದ ಅಪರಾಧಗಳನ್ನು ತಮಗೆ ಯಾರೂ ಹೇಳಿರಲಿಲ್ಲ ಎಂಬುದೇ ಹೆತ್ತವರ ಸಂಕಟ. ಅವರ ಹೋರಾಟದ ಫಲವಾಗಿ 1990ರಲ್ಲಿ ಕಾನೂನು ಬಂತು. ಹಿಂದಿನ ಮೂರು ವರ್ಷಗಳ ಅಪರಾಧಗಳ ಲೆಕ್ಕವನ್ನು ಪ್ರತಿ ವರ್ಷ ವಿಶ್ವವಿದ್ಯಾಲಯಗಳು ಪ್ರಕಟಿಸಲೇಬೇಕು. ಮಗಳನ್ನು ಸೇರಿಸುವ ಮುಂಚೆಯೇ ಪಾಲಕರು ಅದನ್ನು ಓದಬಹುದು.

ನಮ್ಮಲ್ಲಿ? ವಿಶ್ವವಿದ್ಯಾಲಯಗಳಿಗೆ ಅಂಥ ಸ್ವಂತ ಪೊಲೀಸರಿಲ್ಲ. ಕುಲಪತಿ ಕರೆಯದೆ ಪೊಲೀಸರು ಆವರಣಕ್ಕೆ ಕಾಲಿಡುವುದಿಲ್ಲ ಎಂಬುದು ರೂಢಿಯ ಮಾತು, ಕಾನೂನಿನದಲ್ಲ. 1994ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನ್ಯಾಕ್ ಅಳೆಯುತ್ತ ಬಂದ ಏಳು ಮಾನದಂಡಗಳಲ್ಲಿ ಪಾಠ, ಸಂಶೋಧನೆ, ಆಡಳಿತಕ್ಕೇ ಹೆಚ್ಚು ಜಾಗ. ಸುರಕ್ಷತೆ ಬರುವುದು ಏಳನೆಯದರ ಒಂದು ಮೂಲೆಯಲ್ಲಿ. ‘ಎ’ ದರ್ಜೆ ಸಿಕ್ಕಿತೆಂದರೆ ರಾತ್ರಿ ಹತ್ತಕ್ಕೆ ಗೇಟಿನಲ್ಲಿ ಯಾರಿರುತ್ತಾರೆಂದು ತಿಳಿದಂತಲ್ಲ.

ಹಾಗೆಂದು ಪಾಲಕರು ಬರಿಗೈಯಲ್ಲಿಲ್ಲ. ಕಾವಲುಗಾರರನ್ನು ಒದಗಿಸುವ ಖಾಸಗಿ ಏಜೆನ್ಸಿಗೆ 2005ರ ಕಾಯ್ದೆಯಂತೆ ಲೈಸೆನ್ಸ್ ಬೇಕು. ಕಾವಲುಗಾರನ ಪೂರ್ವಾಪರ ವಿಚಾರಣೆ, ತರಬೇತಿ ಎರಡೂ ಆಗಿರಬೇಕು. ಆ ಲೈಸೆನ್ಸ್ ತೋರಿಸಿ ಎಂದು ಪ್ರಾಂಶುಪಾಲರನ್ನು ಕೇಳಲು ಸಂಕೋಚ ಬೇಕಿಲ್ಲ. ಫೀಸು ಕಟ್ಟುವವರು ಅಷ್ಟು ಕೇಳಬಹುದು. ಹಿಮಾಚಲದ ವೈದ್ಯಕೀಯ ವಿದ್ಯಾರ್ಥಿ ಅಮನ್ ಕಾಚ್ರು ರ‍್ಯಾಗಿಂಗ್‌ಗೆ ಬಲಿಯಾದದ್ದು 2009ರ ಮಾರ್ಚ್‌ನಲ್ಲಿ. ಅದೇ ವರ್ಷ ಬಂದ ಯುಜಿಸಿ ನಿಯಮದಂತೆ ಪ್ರತಿ ಕಾಲೇಜಿನಲ್ಲೂ ರ‍್ಯಾಗಿಂಗ್ ತಡೆ ಸಮಿತಿ ಇರಬೇಕು. ವಿದ್ಯಾರ್ಥಿ, ಪಾಲಕರಿಬ್ಬರೂ ಮುಚ್ಚಳಿಕೆ ಬರೆದುಕೊಡಬೇಕು. ಪ್ರವೇಶದ ಗಡಿಬಿಡಿಯಲ್ಲಿ ಓದದೆ ಸಹಿ ಮಾಡುವ ಕಾಗದ ಇದೇ. ದೂರಿಗೆ ಸಹಾಯವಾಣಿ 1800-180-5522. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯೂ ಕಡ್ಡಾಯ. ಅದರ ಸದಸ್ಯರು ಯಾರೆಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳುವುದು ಲೇಸು.

ದೂರದ ಊರಿನಲ್ಲಿ ಏನಾದರೂ ಆದರೆ ಅಲ್ಲಿಗೇ ಓಡಬೇಕೆಂಬ ಭಯವೂ ಪಾಲಕರಲ್ಲಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಪೊಲೀಸರು ನೇರವಾಗಿ ದಾಖಲಿಸಬೇಕಾದ ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ‘ಜೀರೋ ಎಫ್‌ಐಆರ್’ ಎನ್ನುವುದು ಇದನ್ನೇ. ಧಾರವಾಡದಲ್ಲಿ ಓದುವ ಮಗಳಿಗೆ ತೊಂದರೆಯಾದರೆ ಸುರಪುರದ ತಂದೆ ಸುರಪುರ ಠಾಣೆಯಲ್ಲೇ ದೂರು ಬರೆಸಬಹುದು. ‘ಇದು ನಮ್ಮ ಸರಹದ್ದಲ್ಲ’ ಎಂದು ವಾಪಸು ಕಳಿಸುವಂತಿಲ್ಲ. ಬರೆಸಿದ್ದರ ಪ್ರತಿಯನ್ನೂ ಬಿಡಿಗಾಸಿಲ್ಲದೆ ಕೊಡಬೇಕು.