ನಮ್ಮನ್ನು ಸೋಲಿಸಿದ ಲಕ್ಷ್ಮಣ್

ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಎರಡು ವಿಷಯಕ್ಕೆ ಜಗಳ ಆಗುತ್ತದೆ. ಒಂದು, ಹಣ್ಣಿನಲ್ಲಿ ಬೀಜ ಎಷ್ಟು ನಾರು ಎಷ್ಟು ಅನ್ನೋದು. ಇನ್ನೊಂದು ಕ್ರಿಕೆಟ್ಟು. ಮೊದಲನೇ ಜಗಳ ದುಡ್ಡು ಕೈಗೆ ಬಂದ ಮೇಲೆ ಸಂಜೆಗೆಲ್ಲ ಮುಗಿದುಹೋಗುತ್ತೆ. ಎರಡನೇದು ನನಗೂ ಅಲ್ಲಿಯ ಒಬ್ಬ ಸೆಟ್ಟಿಗಾರಿಗೂ 2000ನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಶುರುವಾದದ್ದು ಇನ್ನೂ ಮುಗಿದಿಲ್ಲ.

ಜಗಳಕ್ಕೆ ಕಾರಣ ವಂಗಿಪುರಪು ವೆಂಕಟಸಾಯಿ ಲಕ್ಷ್ಮಣ್.

ನಮ್ಮದು ಮಡಕಶಿರಾ ಸೀಮೆ. ಆಗ ಅನಂತಪುರ ಜಿಲ್ಲೆಗೆ ಸೇರಿತ್ತು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಊರ ಹೊರಗೆ ನಿಂತು ಯಾವ ಕಡೆ ಮುಖ ಮಾಡಿದರೂ ಸ್ವಲ್ಪ ದೂರದಲ್ಲೇ ಕರ್ನಾಟಕ: ಈ ಕಡೆ ಪಾವಗಡ, ಆ ಕಡೆ ಸಿರಾ, ಮಧುಗಿರಿ, ಕೆಳಗೆ ಗೌರಿಬಿದನೂರು. ಮನೆ ಮಾತು ಕನ್ನಡ, ಕಚೇರಿ ಮಾತು ತೆಲುಗು. ಪಹಣಿ ತೆಲುಗಿನಲ್ಲಿ, ಮದುವೆ ಕರೆಯೋಲೆ ಕನ್ನಡದಲ್ಲಿ. ಆಸ್ಪತ್ರೆಗೆ, ಮೋಟರಿನ ಸಾಮಾನಿಗೆ, ಮಕ್ಕಳ ಕೆಲಸಕ್ಕೆ ಬೆಂಗಳೂರಿಗೇ ಹೋಗಬೇಕು. ಹೈದರಾಬಾದ್ ನಮಗೆ ಸರ್ಕಾರ ಇರುವ ಊರಾಗಿತ್ತೇ ಹೊರತು ಹೋಗಿಬರುವ ಊರಾಗಿರಲಿಲ್ಲ. ಹಾಗಾಗಿ ರಣಜಿ ಅಂದರೆ ನಮಗೆ ಕರ್ನಾಟಕವೇ. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಹೆಸರುಗಳನ್ನು ನಮ್ಮ ತಂದೆಯವರ ಕಾಲದಿಂದ ಮನೆ ದೇವರಷ್ಟೇ ಸಲೀಸಾಗಿ ಹೇಳಿಕೊಂಡು ಬಂದವರು ನಾವು.

ಇದರಲ್ಲಿ ಒಂದು ತಮಾಷೆಯೂ ಉಂಟು. ಕಾಗದದ ಲೆಕ್ಕ ನೋಡಿದರೆ ನಮ್ಮ ಜಿಲ್ಲೆ ರಣಜಿಯಲ್ಲಿ ಆಂಧ್ರ ತಂಡಕ್ಕೆ ಸೇರಿದ್ದು. ಹೈದರಾಬಾದಿನದು ಬೇರೆಯೇ ತಂಡ. ಅಂದ ಮೇಲೆ ಲಕ್ಷ್ಮಣ್ ವಿಷಯಕ್ಕೆ ಹಿಂದೂಪುರದ ಸೆಟ್ಟಿಗಾರಿಗೆ ಎಷ್ಟು ಹಕ್ಕೋ ನನಗೂ ಅಷ್ಟೇ, ಅಂದರೆ ಇಬ್ಬರಿಗೂ ಇಲ್ಲ. ಆದರೆ ಅಭಿಮಾನ ಅನ್ನೋದು ಸರ್ವೆ ನಂಬರು ನೋಡಿಕೊಂಡು ಹುಟ್ಟುತ್ತದೆಯೇ? ಲಕ್ಷ್ಮಣ್ ತೆಲುಗಿನವನು, ನಾವೂ ತೆಲುಗಿನವರು, ಆದ್ದರಿಂದ "ಮಾವೋಡು". ಅಲ್ಲಿಗೆ ಮುಗಿಯಿತು ಸೆಟ್ಟಿಗಾರ ವಾದ.

ಆ ವರ್ಷ ಕರ್ನಾಟಕದ ಮೇಲೆ ನಮಗಿದ್ದ ಜಂಬ ಅಷ್ಟಿಷ್ಟಲ್ಲ. 1995-96ರಲ್ಲಿ ರಣಜಿ ಗೆದ್ದಿತ್ತು. 1997-98, 1998-99ರಲ್ಲಿ ಮತ್ತೆ ಸಾಲಾಗಿ ಎರಡು ಸಲ. ಮೂರನೇ ಸಲವೂ ನಮ್ಮದೇ ಅಂತ ನಾವು ಮಂಡಿಯಲ್ಲಿ ಕೂತು ಮೊದಲೇ ಹೇಳಿಬಿಟ್ಟಿದ್ದೆವು. ಸೆಮಿಫೈನಲ್ ಬಂದದ್ದು ಹೈದರಾಬಾದ್ ಮೇಲೆ, ಅದೂ ಬೆಂಗಳೂರಿನಲ್ಲಿ.

ಅದೇ ತಿಂಗಳು ದೆಹಲಿ ಪೊಲೀಸರು ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೊನಿಯೆ ಬುಕ್ಕಿಯೊಂದಿಗೆ ಆಡಿದ ಮಾತುಗಳನ್ನು ಬಯಲಿಗೆಳೆದಿದ್ದರು. ಮೊದಲು ಇಲ್ಲ ಅಂದ ಮನುಷ್ಯ ನಾಲ್ಕೇ ದಿನದಲ್ಲಿ ಹೌದು, ದುಡ್ಡು ತಗೊಂಡೆ ಅಂದ. ಟೀ ಅಂಗಡಿಯಲ್ಲಿ ಜನ ಕ್ರಿಕೆಟ್ ಮಾತಾಡುವುದನ್ನೇ ಬಿಟ್ಟಿದ್ದರು. "ಎಲ್ಲಾ ಮೊದಲೇ ಬರೆದಿಟ್ಟ ನಾಟಕ ಕಣಯ್ಯ, ನಾವು ಬೆಪ್ಪರಂಗೆ ನಿದ್ದೆಗೆಟ್ಟು ನೋಡಿದ್ವಿ" ಅಂತ ನಮ್ಮ ಊರಿನ ಹಿರಿಯರೊಬ್ಬರು ರೇಡಿಯೋ ಆರಿಸಿದ್ದು ನನಗೆ ನೆನಪಿದೆ.

ಅಂಥಾ ದಿನಗಳಲ್ಲಿ ನಾನು ಬೋರಿನ ಮೋಟರಿಗೆ ಸಾಮಾನು ತರಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಟೆ. ಸೆಟ್ಟಿಗಾರು ಯಾರಿಂದಲೋ ಬಾಕಿ ವಸೂಲಿಗೆ ಅಂತ ಅದೇ ಪ್ಯಾಸೆಂಜರ್ ರೈಲು ಹತ್ತಿದರು. ದೊಡ್ಡಬಳ್ಳಾಪುರ ದಾಟುವ ಹೊತ್ತಿಗೆ ಅವರ ಬಾಯಿಂದ ನಿಜ ಹೊರಬಂತು. ಬಾಕಿ ಇರಲಿ, ಮೊದಲು ಸ್ಟೇಡಿಯಂ. "ನಾಲ್ಗು ಬಾಲ್ಲು ಚೂಸಿ ಪೋದಾಮಣ್ಣಾ."

ಚಿನ್ನಸ್ವಾಮಿ ಕ್ರೀಡಾಂಗಣ ಅಂದರೆ ಟಿ.ವಿ.ಯಲ್ಲಿ ಕಾಣುವ ಜನಸಾಗರ ಅಲ್ಲ ಅವತ್ತು. ಅಲ್ಲೊಬ್ಬರು ಇಲ್ಲೊಬ್ಬರು. ನಿವೃತ್ತರು, ಕಾಲೇಜು ತಪ್ಪಿಸಿ ಬಂದ ಹುಡುಗರು, ಪೇಪರು ತಲೆ ಮೇಲೆ ಮುಚ್ಚಿಕೊಂಡು ಕೂತ ಬ್ಯಾಂಕಿನ ನೌಕರರು. ಲಕ್ಷ್ಮಣ್ ಇನ್ನೂರು ದಾಟಿ ಆಡುತ್ತಿದ್ದ. ನಾಲ್ಕು ಬಾಲು ನೋಡಲು ಹೋದವರು ಆಟ ಮುಗಿಯುವ ತನಕ ಏಳಲಿಲ್ಲ. ಎಸ್.ಪಿ. ರಸ್ತೆಯ ಅಂಗಡಿ ಬಾಗಿಲು ಹಾಕಿತು, ನನ್ನ ಮೋಟರು ಮುಂದಿನ ವಾರದ ತನಕ ಹಾಗೇ ಬಿದ್ದಿತ್ತು.

ಆ ಆಟವನ್ನು ಹೇಗೆ ಹೇಳಲಿ? ಮೊರದಲ್ಲಿ ಕಡ್ಲೆಕಾಯಿ ಕೇರುವ ಹೆಂಗಸರ ಕೈ ನೋಡಿದ್ದೀರಲ್ಲ, ಮೊಳಕೈ ಅಲ್ಲಾಡುವುದಿಲ್ಲ, ಭುಜ ಅಲ್ಲಾಡುವುದಿಲ್ಲ, ಮಣಿಕಟ್ಟು ಮಾತ್ರ ಒಂದು ಸಲ ತಿರುಗುತ್ತದೆ, ಹೊಟ್ಟೆಲ್ಲ ಹಾರಿಹೋಗುತ್ತದೆ. ಹಾಗೆ. ಆಫ್ ಸ್ಟಂಪಿನ ಆಚೆ ಬಿದ್ದ ಚೆಂಡು ಬೌಲರನ ಲೆಕ್ಕದಲ್ಲಿ ಕವರ್ ಕಡೆ ಹೋಗಬೇಕು. ಅದು ಮಿಡ್‌ವಿಕೆಟ್ ಕಡೆ ಓಡುತ್ತಿತ್ತು. ಬೌಲರ್ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತಿದ್ದ. ಕೂಗಾಟ ಇಲ್ಲ, ಕ್ಯಾಮರಾಗೆ ಮುಖ ತೋರಿಸುವುದಿಲ್ಲ. ಭಾರತ ತಂಡದಲ್ಲಿ ಒಗ್ಗದ ಆರಂಭಿಕನ ಜಾಗಕ್ಕೆ ಇವನನ್ನು ನೂಕಿ ನೂಕಿ, ಜನವರಿಯಲ್ಲಿ ಸಿಡ್ನಿಯಲ್ಲಿ 167 ಹೊಡೆದ ಮೇಲೂ ಜಾಗ ಗಟ್ಟಿ ಮಾಡದೆ ಇಟ್ಟಿದ್ದರು. ಆ ಸಿಟ್ಟಾದರೂ ಬ್ಯಾಟಿನಲ್ಲಿ ಕಾಣಬೇಕಲ್ಲ, ಅದೂ ಇಲ್ಲ. ಕ್ರೊನಿಯೆ ಕೆಡಿಸಿದ್ದ ನನ್ನ ಮನಸ್ಸು ಆ ಖಾಲಿ ಬೆಂಚುಗಳ ಮಧ್ಯೆ ತಿಳಿಯಾಯಿತು ಅಂದರೆ ನಂಬಿ. ಯಾರೂ ಕಾಸು ಕಟ್ಟದ, ನಾಲ್ಕು ಜನ ನೋಡುವ ಆಟದಲ್ಲಿ ಒಬ್ಬ ಹೀಗೆ ಆಡುತ್ತಾನೆ ಅಂದಮೇಲೆ ಎಲ್ಲಾ ನಾಟಕವಲ್ಲ.

ಆದರೆ ಅವನು ಹೊಡೆಯುತ್ತಿದ್ದದ್ದು ನಮ್ಮ ಕರ್ನಾಟಕಕ್ಕೆ.

ನನ್ನ ಪಕ್ಕದಲ್ಲಿ ಬೆಂಗಳೂರಿನ ಒಬ್ಬ ಯಜಮಾನರು ಕೂತಿದ್ದರು. ಪ್ರತಿ ಬೌಂಡರಿಗೂ "ಥೂ ಹಾಳಾದೋನೆ" ಅಂತ ಬೈಯುವುದು, ಬೈದ ಮೇಲೆ ಎರಡು ಸಲ ಮೆಲ್ಲಗೆ ಚಪ್ಪಾಳೆ ತಟ್ಟುವುದು. ಬೈಗುಳವೂ ನಿಜ, ಚಪ್ಪಾಳೆಯೂ ನಿಜ. ನಾನು ಅವರನ್ನು ನೋಡಿ ಧೈರ್ಯ ತಂದುಕೊಂಡು ಒಂದು ಹೊಡೆತಕ್ಕೆ ಎದ್ದು ನಿಂತು ಚಪ್ಪಾಳೆ ಹೊಡೆದೆ. ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ: "ಏನ್ ಸಾರ್, ಆಂಧ್ರಾನಾ?"

ಬೈದುಕೊಂಡು ತಟ್ಟಿದ ಯಜಮಾನರನ್ನು ಯಾರೂ ಕೇಳಲಿಲ್ಲ. ಅವರು ಬೆಂಗಳೂರಿನವರು, ಅವರ ಚಪ್ಪಾಳೆ ರಸಿಕತನ. ನನ್ನದು ಪಕ್ಷಪಾತ. ಗಡಿನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಡಕಶಿರಾದಲ್ಲಿ ನಾನು "ಬೆಂಗಳೂರು ಪಾರ್ಟಿ", ಬೆಂಗಳೂರಿನಲ್ಲಿ "ಆಂಧ್ರಾನಾ". ಇಲ್ಲ ತಮ್ಮಾ, ಕನ್ನಡದವನೇ ಅಂದೆ. ಅಂದ ಮೇಲೆ ಕೂತುಕೊಂಡೆ. ಅವತ್ತು ಮತ್ತೆ ಚಪ್ಪಾಳೆ ತಟ್ಟಲಿಲ್ಲ. ಲಕ್ಷ್ಮಣ್‌ಗೆ ಅದರಿಂದ ನಷ್ಟವೇನೂ ಆಗಲಿಲ್ಲ ಬಿಡಿ.

ಕೊನೆಗೆ ಅವನು ಗಳಿಸಿದ್ದು 353. ಆ ಋತುವಿನ ರಣಜಿಯಲ್ಲಿ ಒಟ್ಟು 1415 ರನ್, 8 ಶತಕ. ಅಷ್ಟು ರನ್ನನ್ನು ಅದಕ್ಕೆ ಮುಂಚೆ ಒಂದು ಋತುವಿನಲ್ಲಿ ಯಾರೂ ಗಳಿಸಿರಲಿಲ್ಲ. ಹೈದರಾಬಾದ್ ಫೈನಲ್‌ಗೆ ಹೋಗಿ ಮುಂಬಯಿಗೆ ಸೋತಿತು. ನಮ್ಮ ಮೂರನೇ ಸಲದ ಕನಸು ಅಲ್ಲಿಗೆ ನಿಂತಿತು. ನಿಂತದ್ದು ಎಷ್ಟು ದಿನ ಅಂತೀರಿ? ಮುಂದಿನ ರಣಜಿ ಕರ್ನಾಟಕಕ್ಕೆ ಬಂದದ್ದು 2013-14ರಲ್ಲಿ.

ಸೋಲಿನ ಸುದ್ದಿ ಬಂದ ರಾತ್ರಿ ನಾನು ಲಕ್ಷ್ಮಣ್ ಮೇಲೆ ಒಂದು ಪದ್ಯ ಬರೆದೆ. ಬರೆದದ್ದು ತೆಲುಗಿನಲ್ಲಿ. ನನಗೆ ಎರಡು ಭಾಷೆಯಲ್ಲೂ ಪದ್ಯ ಕಟ್ಟುವ ಚಟ. ಯಾವುದು ಮೊದಲು ಬಾಯಿಗೆ ಬರುತ್ತದೋ ಅದರಲ್ಲಿ ಬರೆಯುತ್ತೇನೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುವವನು. ಆ ರಾತ್ರಿ ಮೊದಲು ಬಂದದ್ದು ಕನ್ನಡವೇ. ಸೋಲಿಸಿದವನನ್ನು ಅದೇ ಭಾಷೆಯಲ್ಲಿ ಹೊಗಳಲು ನಾಚಿಕೆಯಾಗಿ ತೆಲುಗಿಗೆ ತಿರುಗಿಸಿಕೊಂಡೆ. ಮಂಡಿಯಲ್ಲಿ ಓದಿದಾಗ ಸೆಟ್ಟಿಗಾರು ಒಂದು ಟೀ ಕುಡಿಸಿದರು.

ಇಲ್ಲೊಂದು ಮಾತು. 1999ರ ಜನವರಿ 31ರಂದು ಚೆನ್ನೈನಲ್ಲಿ ಪಾಕಿಸ್ತಾನ ನಮ್ಮನ್ನು 12 ರನ್ನಿನಿಂದ ಸೋಲಿಸಿದಾಗ, ಸಚಿನ್ ತೆಂಡೂಲ್ಕರರ 136 ನೀರುಪಾಲಾದ ಹೊಟ್ಟೆಯುರಿಯಲ್ಲೂ ಅಲ್ಲಿಯ ಜನ ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿದ್ದರು. ಲೋಕವೆಲ್ಲ ಹೊಗಳಿತು, ಹೊಗಳಬೇಕಾದದ್ದೇ. ಆದರೆ ನನ್ನ ಅನುಭವದಲ್ಲಿ ದೂರದ ಎದುರಾಳಿಗೆ ಚಪ್ಪಾಳೆ ತಟ್ಟುವುದು ಸುಲಭ. ಬದುವಿನ ಆಚೆಯವನ ಬೆಳೆ ಚೆನ್ನಾಗಿ ಬಂದಿದೆ ಅನ್ನೋದಕ್ಕೇ ನಾಲಿಗೆ ಏಳುವುದಿಲ್ಲ.

ಮುಂದಿನ ವರ್ಷ 2001ರ ಮಾರ್ಚ್. ಕೋಲ್ಕತಾದ ಈಡನ್ ಗಾರ್ಡನ್ಸ್. ಸಾಲಾಗಿ 16 ಟೆಸ್ಟ್ ಗೆದ್ದು ಬಂದಿದ್ದ ಆಸ್ಟ್ರೇಲಿಯಾ ನಮಗೆ ಫಾಲೋಆನ್ ಕೊಟ್ಟಿತ್ತು. ಮೊದಲನೇ ಸರದಿಯಲ್ಲಿ 59 ಗಳಿಸಿದ್ದ ಲಕ್ಷ್ಮಣ್‌ರನ್ನು ಮೂರನೇ ಕ್ರಮಾಂಕಕ್ಕೆ ಏರಿಸಿ, ದ್ರಾವಿಡರನ್ನು ಆರಕ್ಕೆ ಇಳಿಸಿದ್ದರು. ಮಾರ್ಚ್ 14ರ ಇಡೀ ದಿನ ಇಬ್ಬರೂ ಔಟಾಗದೆ ನಿಂತರು. ನಾನು ಟ್ರಾನ್ಸಿಸ್ಟರನ್ನು ಬದುವಿನ ಮೇಲಿಟ್ಟುಕೊಂಡು ಹಿಪ್ಪುನೇರಳೆಗೆ ನೀರು ಕಟ್ಟುತ್ತಿದ್ದೆ. ನೀರು ಯಾವ ಸಾಲಿಗೆ ಹೋಯಿತೋ ದೇವರಿಗೇ ಗೊತ್ತು. ಐದನೇ ವಿಕೆಟ್ಟಿಗೆ 376. ಲಕ್ಷ್ಮಣ್ 281, ದ್ರಾವಿಡ್ 180. ಮಾರನೇ ದಿನ ಹರ್ಭಜನ್ ಕೈಚಳಕ, 171 ರನ್ನಿನ ಗೆಲುವು.

ಇನ್ನೇನು, ಹೈದರಾಬಾದ್-ಬೆಂಗಳೂರು ಒಂದಾಯಿತು, ಜಗಳ ಮುಗಿಯಿತು ಅಂದುಕೊಂಡು ಮಂಡಿಗೆ ಹೋದೆ. ಸೆಟ್ಟಿಗಾರು ತಕ್ಕಡಿ ಪಕ್ಕದಲ್ಲೇ ಕಾಯುತ್ತಿದ್ದರು. "ಮಾವೋಡು 281, ಮೀವೋಡು 180. ಲೆಕ್ಕ ಚೂಸ್ಕೋಣ್ಣಾ." ನಾನು, "376 ಅಂತ ಒಂದೇ ಮೂಟೆ ಕಟ್ಟಿ ತೂಗಿ ಸೆಟ್ಟಿಗಾರು" ಅಂದೆ. ಬಿಡಿಸಿ ತೂಗುವುದೇ ವ್ಯಾಪಾರ ಅಂತ ಅವರು ನಕ್ಕರು.

ಆ ಸಲ ಯುಗಾದಿ ಹತ್ತು-ಹನ್ನೆರಡು ದಿನಕ್ಕೇ ಬಂತು. ನಮ್ಮೂರ ಕವಿಗೋಷ್ಠಿಯಲ್ಲಿ ಎರಡು ಭಾಷೆಯವರೂ ಓದುತ್ತೇವೆ. ಹಳೆಯ ತೆಲುಗು ಪದ್ಯವನ್ನು ಕನ್ನಡಕ್ಕೆ ಮಾಡಿಕೊಂಡು ಓದಿದೆ. ಚಪ್ಪಾಳೆ ಬಂತು. ಆದರೆ ಓದುಗರೇ, ಅದರಲ್ಲೊಂದು ಕಳ್ಳತೂಕ ಇತ್ತು. ತೆಲುಗಿನಲ್ಲಿ ಲಕ್ಷ್ಮಣ್ ಒಬ್ಬನೇ ಇದ್ದ. ಕನ್ನಡದಲ್ಲಿ ನಾಲ್ಕು ಸಾಲು ದ್ರಾವಿಡರನ್ನು ಸೇರಿಸಿಬಿಟ್ಟಿದ್ದೆ. ಹಿಂದಿನ ಸಾಲಿನಿಂದ "ಆಂಧ್ರಾನಾ" ಅಂತ ಮತ್ತೆ ಯಾರಾದರೂ ಕೇಳಿಯಾರು ಎಂಬ ಅಂಜಿಕೆಗೆ.

ಆಮೇಲೆ ಐಪಿಎಲ್ ಬಂತು. 2008ರ ಮೊದಲ ವರ್ಷ ಬೆಂಗಳೂರಿಗೆ ದ್ರಾವಿಡ್ ನಾಯಕ, ಡೆಕ್ಕನ್ ಚಾರ್ಜರ್ಸ್‌ಗೆ ಲಕ್ಷ್ಮಣ್ ನಾಯಕ. 2009ರ ಫೈನಲ್‌ನಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರೂ ಬೆಂಗಳೂರು 6 ರನ್ನಿನಿಂದ ಸೋತಿತು. 2016ರಲ್ಲಿ ಚಿನ್ನಸ್ವಾಮಿಯಲ್ಲೇ ಸನ್‌ರೈಸರ್ಸ್ ಎದುರು 8 ರನ್ನಿನಿಂದ. ಆ ಸನ್‌ರೈಸರ್ಸ್‌ಗೆ ಮಾರ್ಗದರ್ಶಕರಾಗಿ ಕೂತಿದ್ದವರು ಇದೇ ಲಕ್ಷ್ಮಣ್. ನನ್ನ ಮಗ ಅವತ್ತು ಊಟ ಮಾಡಲಿಲ್ಲ. "ಅಪ್ಪಾ, ನಿಮ್ಮ ಲಕ್ಷ್ಮಣ್ ನಮಗೆ ಶನಿ ಕಾಟ" ಅಂದ. "ನಿಮ್ಮ" ಅಂದದ್ದು ಗಮನಿಸಿದಿರಾ? ಮನೆಯೊಳಗೇ ಗಡಿ ಎದ್ದಿತು. 2025ರ ಜೂನ್ 3ರಂದು ಆರ್‌ಸಿಬಿ ಕೊನೆಗೂ ಗೆದ್ದಾಗ ಅವನ ಮುಖದಲ್ಲಿ ಒಂದು ರಾತ್ರಿಯ ಮಟ್ಟಿಗೆ ಆ ಹಳೇ ಕಹಿ ಇರಲಿಲ್ಲ.

ಲಕ್ಷ್ಮಣ್, ದ್ರಾವಿಡ್ ಇಬ್ಬರೂ ಕೊನೆಯ ಟೆಸ್ಟ್ ಆಡಿದ್ದು ಒಂದೇ ಪಂದ್ಯದಲ್ಲಿ, 2012ರ ಜನವರಿಯಲ್ಲಿ, ಅಡಿಲೇಡಿನಲ್ಲಿ. ಎರಡು ವರ್ಷ ಕಳೆದು ಕರ್ನಾಟಕ ಮತ್ತೆ ರಣಜಿ ಎತ್ತಿದ್ದು ಎಲ್ಲಿ ಗೊತ್ತೆ? ಹೈದರಾಬಾದಿನಲ್ಲಿ! ಮಹಾರಾಷ್ಟ್ರದ ಮೇಲೆ ವಿನಯ್ ಕುಮಾರ್ ತಂಡ ಗೆದ್ದ ಆ ಫೈನಲ್ ನಡೆದದ್ದು ಉಪ್ಪಲ್ ಮೈದಾನದಲ್ಲಿ. ಸೆಟ್ಟಿಗಾರಿಗೆ ನಾನೇ ಫೋನ್ ಮಾಡಿ ಹೇಳಿದೆ, "ನಿಮ್ಮೂರಲ್ಲೇ ವಸೂಲಿ ಆಯ್ತು." ಅದು ನಮ್ಮೂರೂ ಅಲ್ಲ, ಅದೀಗ ತೆಲಂಗಾಣ ಆಗೋದರಲ್ಲಿದೆ ಅಂದರು ಅವರು. ಆ ವರ್ಷ ಜೂನ್‌ನಲ್ಲಿ ಹಾಗೇ ಆಯಿತು.

2021ರ ಡಿಸೆಂಬರಿನಲ್ಲಿ ಲಕ್ಷ್ಮಣ್ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗೆ ಮುಖ್ಯಸ್ಥರಾಗಿ ಬಂದರು. ದ್ರಾವಿಡ್ ಬಿಟ್ಟುಹೋದ ಕುರ್ಚಿಗೇ. ಆ ಸುದ್ದಿ ಬಂದಾಗ ಸೆಟ್ಟಿಗಾರು, "ಮಾವೋನ್ನಿ ಗೂಡಾ ಮೀ ಊರಿಕೇ ಪಿಲ್ಚುಕುಂಟಿರಿ ಕದಣ್ಣಾ" ಅಂದರು. ನಮ್ಮವನನ್ನೂ ನಿಮ್ಮೂರಿಗೇ ಕರೆಸಿಕೊಂಡಿರಲ್ಲ ಅನ್ನುವ ಆ ಮಾತಿನಲ್ಲಿ ಸಂತೋಷವೂ ಇತ್ತು, ಏನೋ ಕಳಕೊಂಡ ಹಾಗೂ ಇತ್ತು. 353ರ ದಿನ ನನಗಾದದ್ದು ಅವರಿಗೆ ಈಗ ಅರ್ಧವಾದರೂ ಆಗಿರಬೇಕು.

ಸೆಟ್ಟಿಗಾರಿಗೆ ಈಗ ವಯಸ್ಸಾಗಿದೆ. ಮಂಡಿ ನೋಡಿಕೊಳ್ಳುವುದು ಮಗ, ಇವರು ಸುಮ್ಮನೆ ಬಂದು ಕೂರುತ್ತಾರೆ. ಈ ಸಲದ ಹಣ್ಣು ತಗೊಂಡು ಹೋಗುವ ಮುಂಚೆ ಹಳೆಯ ನೋಟ್‌ಬುಕ್ ಹುಡುಕಿ, ಕನ್ನಡದ ಪದ್ಯದಿಂದ ದ್ರಾವಿಡರ ನಾಲ್ಕು ಸಾಲುಗಳನ್ನು ಹೊಡೆದುಹಾಕಿದೆ. ದ್ರಾವಿಡರ ಮೇಲೆ ಬೇರೆಯೇ ಬರೆದರಾಯಿತು. ಮಂಡಿಯಲ್ಲಿ ಚೀಲಗಳ ಮೇಲೆ ಕೂತು ಸೆಟ್ಟಿಗಾರಿಗೆ ಅದನ್ನು ಕನ್ನಡದಲ್ಲೇ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಆಮೇಲೆ ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ಹಣ್ಣು ಎತ್ತಿ ಹಿಸುಕಿ ನೋಡಿ ಅಂದರು: "ಪದ್ಯಂ ಬಾಗುಂದಣ್ಣಾ. ಪಂಡುಲೋನೇ ಗಿಂಜಲು ಎಕ್ಕುವ."