ತಲೆನೋವಿನ ಜೊತೆಗೆ ಬೆವರು: ಮಾತ್ರೆಗೆ ಮುನ್ನ ಕಾರಣ ತಿಳಿಯಿರಿ

ನಲವತ್ತು ದಾಟಿದವರು ವೈದ್ಯರಲ್ಲಿಗೆ ತರುವ ದೂರುಗಳಲ್ಲಿ ತಲೆನೋವಿಗೆ ದೊಡ್ಡ ಪಾಲು. ಅದರ ಜೊತೆಗೆ ‘ಸುಮ್ಮನೆ ಕೂತರೂ ಮೈಯೆಲ್ಲ ಬೆವರುತ್ತದೆ’ ಎಂಬ ಮಾತೂ ಸೇರಿಕೊಳ್ಳುವುದುಂಟು. ನಮ್ಮ ಕಡೆ ಇದಕ್ಕೆ ಸಿದ್ಧ ಉತ್ತರವಿದೆ: ಪಿತ್ತ. ನಾಲ್ಕು ದಿನ ಮುರುಗಲ ಪಾನಕ, ಹಣೆಗೆ ಮುಲಾಮು, ಆಮೇಲೆ ಅಂಗಡಿಯಿಂದ ಮಾತ್ರೆ. ನೋವು ಅಡಗುತ್ತದೆ, ಮತ್ತೆ ಬರುತ್ತದೆ. ಹೀಗೆಯೇ ವರ್ಷಗಳು ಕಳೆದುಹೋಗುತ್ತವೆ.

ಕಾರವಾರ, ಅಂಕೋಲೆಗಳಲ್ಲಿ ಬೆವರುವುದು ಕಾಯಿಲೆಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ಬೆವರು ಬೇಗ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ಆದ್ದರಿಂದ ದೇಹ ಮತ್ತಷ್ಟು ಬೆವರುತ್ತದೆ. ಕದ್ವಾಡದ ಗದ್ದೆಯಲ್ಲೋ ದೋಣಿಯ ಮೇಲೋ ಬಿಸಿಲಲ್ಲಿ ದುಡಿದು, ಸಾಕಷ್ಟು ನೀರು ಕುಡಿಯದವರಿಗೆ ಸಂಜೆ ತಲೆ ಸಿಡಿಯುವುದೂ ಸಹಜವೇ. ನೆರಳು, ನೀರು, ಗಂಜಿ, ಒಳ್ಳೆಯ ನಿದ್ದೆ ಸಿಕ್ಕರೆ ಅದು ಇಳಿಯುತ್ತದೆ. ಯೋಚಿಸಬೇಕಾದ ಬೆವರು ಬೇರೆ. ಶ್ರಾವಣದ ಮಳೆಯಲ್ಲಿ ಮನೆಮಂದಿಯೆಲ್ಲ ಹೊದ್ದು ಮಲಗಿರುವಾಗ ನಿಮ್ಮೊಬ್ಬರ ಬಟ್ಟೆ ಮಾತ್ರ ಒದ್ದೆಯಾದರೆ ಅದಕ್ಕೆ ಕಾರಣ ಹುಡುಕಬೇಕು.

ಸಾಮಾನ್ಯ ಕಾರಣಗಳು

ಹೆಂಗಸರಲ್ಲಿ ಮೊದಲು ನೆನೆಯಬೇಕಾದದ್ದು ಮುಟ್ಟು ನಿಲ್ಲುವ ಕಾಲ. ನಮ್ಮ ದೇಶದಲ್ಲಿ ಇದು ಸುಮಾರು 46ನೆಯ ವಯಸ್ಸಿನ ಆಸುಪಾಸು. ಎದೆಯಿಂದ ಮುಖಕ್ಕೆ ಬಿಸಿ ಏರಿ, ಕೆಲವು ನಿಮಿಷ ಬೆವರಿ, ಬಳಿಕ ಚಳಿ ಹತ್ತಿದಂತಾಗುತ್ತದೆ. ಮೊದಲಿನಿಂದ ಅರೆತಲೆನೋವು ಇದ್ದವರಿಗೆ ಈ ದಿನಗಳಲ್ಲಿ ಅದು ಹೆಚ್ಚಬಹುದು. ಇದು ರೋಗವಲ್ಲ, ಆದರೆ ತುಂಬ ಕಾಡಿದರೆ ಚಿಕಿತ್ಸೆ ಇದೆ. ಸಂಕೋಚದಿಂದ ಸುಮ್ಮನಿರಬೇಕಾಗಿಲ್ಲ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಸಂಕಷ್ಟಿ, ಏಕಾದಶಿಯೆಂದು ಊಟ ಬಿಟ್ಟರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಆಗ ತಣ್ಣನೆಯ ಬೆವರು, ಕೈನಡುಕ, ತಲೆನೋವು ಕಾಣಿಸುತ್ತವೆ. ಕೂಡಲೇ ಸಕ್ಕರೆ ನೀರು ಕುಡಿಯಬೇಕು. ಉಪವಾಸ ಮಾಡುವುದಿದ್ದರೆ ಮಾತ್ರೆಯ ಪ್ರಮಾಣವನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಿ.

ಜೋರಾಗಿ ಗೊರಕೆ ಹೊಡೆದು, ನಡುನಡುವೆ ಉಸಿರು ನಿಂತಂತಾಗುವವರಿಗೆ ಬೆಳಿಗ್ಗೆ ಏಳುವಾಗಲೇ ತಲೆಭಾರ, ರಾತ್ರಿ ಬೆವರು ಇರುತ್ತವೆ. ಇದನ್ನು ಹೇಳಬಲ್ಲವರು ಪಕ್ಕದಲ್ಲಿ ಮಲಗುವವರೇ. ಹಸಿವು ಚೆನ್ನಾಗಿದ್ದೂ ತೂಕ ಇಳಿದು, ಎದೆ ಹೊಡೆದುಕೊಂಡು ಬೆವರಿದರೆ ಥೈರಾಯ್ಡ್ ಪರೀಕ್ಷೆ ಆಗಬೇಕು. ರಾತ್ರಿ ಬೆವರಿನ ಜೊತೆ ಸಂಜೆ ಜ್ವರ, ಎರಡು ವಾರ ದಾಟಿದ ಕೆಮ್ಮು, ತೂಕ ಇಳಿತ ಇದ್ದರೆ ಕ್ಷಯದ ಪರೀಕ್ಷೆ ಮಾಡಿಸಲೇಬೇಕು.

ಇನ್ನು ರಕ್ತದೊತ್ತಡ. ‘ತಲೆ ನೋಯುವುದಿಲ್ಲ, ಹಾಗಾಗಿ ನನಗೆ ಬೀಪಿ ಇಲ್ಲ’ ಎನ್ನುವುದು ತಪ್ಪು ತಿಳಿವಳಿಕೆ. 140/90 ದಾಟಿದ ಒತ್ತಡ ಹೆಚ್ಚಿನವರಲ್ಲಿ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಅಳೆದರೆ ಮಾತ್ರ ತಿಳಿಯುತ್ತದೆ. ಒಣಮೀನು, ಉಪ್ಪಿನಕಾಯಿ ತಪ್ಪದ ನಮ್ಮ ಊಟದಲ್ಲಿ ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ, ಮೀರದಂತೆ ನೋಡಿಕೊಳ್ಳಬೇಕು.

ಅಪರೂಪದ ಎರಡು ಕಾಯಿಲೆಗಳು

ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೊಮೊಸೈಟೋಮ ಎಂಬ ಗಡ್ಡೆ ಬೆಳೆಯಬಹುದು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಬೆರಳೆಣಿಕೆಯಷ್ಟು ಮಂದಿಗೆ ಮಾತ್ರ ಬರುವ ಕಾಯಿಲೆ ಇದು. ಈ ಗಡ್ಡೆ ಆಗಾಗ ಒಮ್ಮೆಲೇ ಹಾರ್ಮೋನು ಸುರಿಸಿದಾಗ ತಲೆ ಸಿಡಿಯುತ್ತದೆ, ಮೈ ಬೆವರುತ್ತದೆ, ಎದೆ ಡವಗುಟ್ಟುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ರಕ್ತದೊತ್ತಡ ಗಗನಕ್ಕೇರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಇಳಿದು, ಆಸ್ಪತ್ರೆ ತಲುಪುವಷ್ಟರಲ್ಲಿ ಒತ್ತಡ ಸರಿಯಾಗಿಯೇ ಇರಬಹುದು! ಹಾಗಾಗಿ ‘ಮಾನಸಿಕ’ ಎಂಬ ಹಣೆಪಟ್ಟಿ ಬೀಳುವ ಸಂಭವವೂ ಉಂಟು. ರಕ್ತದಲ್ಲಿ ಅಥವಾ 24 ಗಂಟೆ ಸಂಗ್ರಹಿಸಿದ ಮೂತ್ರದಲ್ಲಿ ಮೆಟಾನೆಫ್ರಿನ್ ಎಂಬ ಅಂಶವನ್ನು ಅಳೆದು ಇದನ್ನು ಪತ್ತೆ ಮಾಡುತ್ತಾರೆ. 1926ರಲ್ಲೇ ಸ್ವಿಟ್ಜರ್ಲೆಂಡಿನ ಸೀಸರ್ ರೂ ಮತ್ತು ಅಮೆರಿಕದ ಚಾರ್ಲ್ಸ್ ಮೇಯೊ ಇಂಥ ಗಡ್ಡೆಗಳನ್ನು ಶಸ್ತ್ರಕ್ರಿಯೆಯಿಂದ ತೆಗೆದಿದ್ದರು. ಇಂದು ಸಕಾಲಕ್ಕೆ ಕಂಡುಹಿಡಿದರೆ ಹೆಚ್ಚಿನವರು ಗುಣವಾಗುತ್ತಾರೆ.

ಎರಡನೆಯದು ಅಕ್ರೋಮೆಗಲಿ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಅತಿಯಾಗಿ ಸುರಿಸುವುದು ಇದಕ್ಕೆ ಕಾರಣ. ತಲೆನೋವು, ಬೆವರು ಎರಡೂ ಇರುತ್ತವೆ. ಆದರೆ ಸುಳಿವು ಇರುವುದು ಬೇರೆ ಕಡೆ: ಮದುವೆಯ ಉಂಗುರ ಬೆರಳಿಗೆ ಬಿಗಿಯಾಗುತ್ತದೆ, ಚಪ್ಪಲಿಯ ಅಳತೆ ಏರುತ್ತದೆ, ದವಡೆ ಮುಂದೆ ಬರುತ್ತದೆ. ಬದಲಾವಣೆ ನಿಧಾನವಾದ್ದರಿಂದ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಹತ್ತು ವರ್ಷದ ಹಿಂದಿನ ಫೋಟೋ ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಮಾತ್ರೆಯೇ ಕಾರಣವಾದಾಗ

ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಹಲವು ಔಷಧಿ ಬೆರೆತ ಮಾತ್ರೆಯಾದರೆ 10 ದಿನ, ಹೀಗೆ ಮೂರು ತಿಂಗಳಿಗೂ ಮೀರಿ ನುಂಗಿದರೆ ಆ ಮಾತ್ರೆಯೇ ತಲೆನೋವು ತರಬಲ್ಲದು. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆಗಳೂ ಹಿಂದೆಯೇ ಬರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಒಳಗಿನ ಕಾಯಿಲೆ ಮರೆಯಾಗಿಯೇ ಉಳಿಯುತ್ತದೆ.

ನೀವು ಮಾಡಬೇಕಾದದ್ದು

ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ನೋವು ಬಂದ ಹೊತ್ತು, ಎಷ್ಟು ಹೊತ್ತು ಇತ್ತು, ಬೆವರು ಜೊತೆಗೇ ಬಂತೇ, ಎದೆ ಹೊಡೆದುಕೊಂಡಿತೇ, ಊಟ ಯಾವಾಗ ಆಗಿತ್ತು, ಯಾವ ಮಾತ್ರೆ ನುಂಗಿದಿರಿ. ಸಾಧ್ಯವಾದರೆ ನೋವು ಇರುವಾಗಲೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಅಳೆಸಿ ಬರೆಸಿಕೊಳ್ಳಿ. ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವೆಗೋ ಹೋಗಿ ತಲೆಯ ಸ್ಕ್ಯಾನಿಗೆ ಹಣ ಸುರಿಯುವ ಮುನ್ನ ಈ ಪುಸ್ತಕವನ್ನು ನಿಮ್ಮ ವೈದ್ಯರಿಗೆ ತೋರಿಸಿ. ಎಷ್ಟೋ ವೇಳೆ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ.

ಆದರೆ ಕೆಲವು ಸಂದರ್ಭಗಳಲ್ಲಿ ಬರೆಯುತ್ತ ಕೂರಬಾರದು. ಹಿಂದೆಂದೂ ಕಾಣದಂಥ ಭಾರೀ ನೋವು ಹಠಾತ್ತನೆ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಕಣ್ಣು ಮಂಜಾದರೆ, ಜ್ವರದೊಡನೆ ಕತ್ತು ಬಿಗಿದರೆ, ಎದೆನೋವಿನ ಜೊತೆ ತಣ್ಣನೆಯ ಬೆವರು ಒಡೆದರೆ 108ಕ್ಕೆ ಕರೆ ಮಾಡಿ, ತಡಮಾಡದೆ ಆಸ್ಪತ್ರೆ ಸೇರಿ. ಐವತ್ತರ ನಂತರ ಮೊದಲ ಬಾರಿ ಶುರುವಾದ ತಲೆನೋವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ.

ತಲೆನೋವು, ಬೆವರು ಇದ್ದವರಿಗೆಲ್ಲ ದೊಡ್ಡ ಕಾಯಿಲೆಯೇ ಇರುವುದಿಲ್ಲ. ಹೆಚ್ಚಿನವರಿಗೆ ಇರುವುದು ಸುಲಭವಾಗಿ ಸರಿಪಡಿಸಬಹುದಾದ ತೊಂದರೆ. ಆದರೆ ಅದು ಯಾವುದೆಂದು ತಿಳಿಯದೆ ಮಾತ್ರೆ ನುಂಗುತ್ತ ಹೋಗುವುದು ಒಳ್ಳೆಯದಲ್ಲ.