ಹನ್ನೊಂದು ಮಂದಿಯ ಆಯ್ಕೆ ಮತ್ತು ನಮ್ಮ ಮನೆಯ ಮಾತು

ದಸರೆ ಮುಗಿದು ದೀಪಾವಳಿಯ ಹಣತೆಗಳು ಅಟ್ಟದಿಂದ ಕೆಳಗಿಳಿಯುವ ಹೊತ್ತಿಗೆ ಅಂಧೇರಿಯ ಕನ್ನಡ ಮನೆಗಳಲ್ಲಿ ಮಾತಿನ ವಿಷಯ ಬದಲಾಗುತ್ತದೆ. ರಣಜಿ ಪಂದ್ಯಗಳು ಮೊದಲಾಗುವ ಕಾಲವದು. ಕರ್ನಾಟಕ ತಂಡದಲ್ಲಿ ಈ ವರುಷ ಯಾರಿದ್ದಾರೆ, ಯಾರ ಬೆನ್ನುನೋವು ವಾಸಿಯಾಯಿತು, ಯಾರ ಬ್ಯಾಟು ಮಂಕಾಗಿದೆ, ಯಾವ ಹುಡುಗನಿಗೆ ಅನ್ಯಾಯವಾಯಿತು ಎಂಬ ಚರ್ಚೆ ಲೋಕಲ್ ಗಾಡಿಯಲ್ಲಿ, ಹೊಟೇಲಿನ ಗಲ್ಲಾದ ಬಳಿ, ಸಂಘದ ಸಭೆಗೆ ಮುಂಚಿನ ಕಾಫಿಯ ವೇಳೆಯಲ್ಲಿ ನಡೆಯುತ್ತದೆ. ಕೆಲವೊಮ್ಮೆ ಸಭೆ ತಡವಾಗಿ ಆರಂಭವಾಗುವುದಕ್ಕೂ ಅದೇ ಕಾರಣ!

ಕೇಳಿದವರಿಗೆ ಇದು ಹೊತ್ತು ಹೋಗದವರ ಹರಟೆಯೆಂದು ತೋರಬಹುದು. ನಾವು ಹಾಗೆ ಎಣಿಸುವುದಿಲ್ಲ. ಒಬ್ಬ ಆಟಗಾರ ಸೋತಾಗ, ಪೆಟ್ಟು ತಿಂದಾಗ, ತಂಡದಿಂದ ಹೊರಗಾದಾಗ ಹಿರಿಯರು ಅವನ ವಿಷಯದಲ್ಲಿ ಏನು ಮಾತಾಡುತ್ತಾರೆಂಬುದನ್ನು ಮನೆಯ ಮಕ್ಕಳು ಕೇಳುತ್ತಲೇ ಇರುತ್ತಾರೆ. ಆದಕಾರಣ ಈ ಮಾತನ್ನು ಸ್ವಲ್ಪ ತಿಳಿದು, ಸ್ವಲ್ಪ ತೂಗಿ ಆಡುವುದು ಒಳ್ಳೆಯದು.

ಹಳೆಯ ಲೆಕ್ಕ

ಮುಂಬಯಿಯ ಕನ್ನಡಿಗನಿಗೆ ಕರ್ನಾಟಕ ತಂಡದ ಮೇಲೆ ಇಷ್ಟು ಅಕ್ಕರೆ ಏಕೆಂದು ಕೇಳಿದರೆ ಉತ್ತರ 1974ರ ಮಾರ್ಚಿನಲ್ಲಿದೆ. ಅದಕ್ಕೆ ಮುಂಚೆ, 1958-59ರಿಂದ 1972-73ರ ತನಕ, ಒಂದೂ ಬಿಡದೆ ಹದಿನೈದು ವರುಷ ರಣಜಿ ಕಪ್ಪು ಬೊಂಬಾಯಿಯದೇ ಆಗಿತ್ತು. ಇಲ್ಲಿಯ ಕಚೇರಿಗಳಲ್ಲಿ ನಮ್ಮವರು ಕ್ರಿಕೆಟ್ಟಿನ ಮಾತು ಬಂದಾಗ ತಲೆ ತಗ್ಗಿಸಿ ಕಡತ ನೋಡುತ್ತಿದ್ದ ಕಾಲ. ಮೈಸೂರು ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕವೆಂಬ ಹೆಸರು ಬಂತು. ಆ ಋತುವಿನಲ್ಲೇ ಬೆಂಗಳೂರಿನ ಸೆಮಿಫೈನಲಿನಲ್ಲಿ ಪ್ರಸನ್ನ ಅವರ ನಾಯಕತ್ವದ ತಂಡ ಬೊಂಬಾಯಿಯನ್ನು ಎದುರಿಸಿತು. ಗುಂಡಪ್ಪ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಕರ್ನಾಟಕದ ಮೊತ್ತ 385. ಗಾವಸ್ಕರರನ್ನು ಪ್ರಸನ್ನ ಬೌಲ್ಡ್ ಮಾಡಿದರು. ನೆಲಕಚ್ಚಿ ಆಡುತ್ತಿದ್ದ ಅಜಿತ್ ವಾಡೇಕರ್ ಓಡುವಾಗ ಕಾಲು ಜಾರಿ ರನೌಟಾದರು. ಬೊಂಬಾಯಿ 307ಕ್ಕೆ ಮುಗಿಯಿತು. ಇಂಥ ಪಂದ್ಯ ಪೂರ್ಣವಾಗಿ ಮುಗಿಯದಿದ್ದರೆ ಮೊದಲ ಇನ್ನಿಂಗ್ಸಿನಲ್ಲಿ ಮುಂದಿದ್ದವರೇ ಗೆದ್ದಂತೆ. ಆ ಲೆಕ್ಕದಲ್ಲಿ ಕರ್ನಾಟಕ ಗೆದ್ದು, ಮುಂದೆ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಕಪ್ಪನ್ನು ಎತ್ತಿತು.

ಅಂದಿನಿಂದ ಈ ಎರಡು ತಂಡಗಳ ನಡುವೆ ಕೊಡುಕೊಳ್ಳುವ ವ್ಯವಹಾರ ನಿಂತಿಲ್ಲ. 1982ರ ಸೆಮಿಫೈನಲಿನಲ್ಲಿ ರಘುರಾಮ ಭಟ್ಟರ ಸ್ಪಿನ್ನಿಗೆ ಗಾವಸ್ಕರರಂಥವರೇ ಎಡಗೈ ದಾಂಡಿಗರಾಗಿ ನಿಂತು ಆಡಬೇಕಾಯಿತು. 1983ರಲ್ಲಿ ಕರ್ನಾಟಕ ಬೊಂಬಾಯಿಯ ಅಂಗಳಕ್ಕೇ ಬಂದು ಫೈನಲು ಗೆದ್ದಿತು. 2010ರ ಜನವರಿಯಲ್ಲಿ ಮೈಸೂರಿನ ಫೈನಲಿನಲ್ಲಿ ಮನೀಶ್ ಪಾಂಡೆ 144 ಹೊಡೆದರೂ ನಾವು ಬರಿಯ 6 ರನ್ನುಗಳಿಂದ ಸೋತೆವು. 2015ರ ಸೆಮಿಫೈನಲಿನಲ್ಲಿ ಮುಂಬಯಿ ಬೆಂಗಳೂರಿನಲ್ಲಿ 44 ರನ್ನಿಗೆ ಆಲೌಟಾಯಿತು. ಆದರೂ ಒಟ್ಟು ಲೆಕ್ಕ ಹೇಳುವಾಗ ನಾವು ವಿನಯದಿಂದಿರುವುದು ಲೇಸು. 2024-25ರ ಕೊನೆಗೆ ಮುಂಬಯಿಯ ಕಪ್ಪುಗಳು 42, ನಮ್ಮವು 8.

ಫಾರ್ಮಿನ ಮಾತು

ಚರ್ಚೆಯಲ್ಲಿ ಮೊದಲು ಬರುವುದು ಫಾರ್ಮು. ಮೂರು ಇನ್ನಿಂಗ್ಸು ಸೋತವನನ್ನು 'ಮುಗಿಯಿತು ಅವನ ಕಥೆ' ಎಂದುಬಿಡುವುದು ಸುಲಭ. ಹಾಗೆ ಹೇಳುವ ಮುನ್ನ ಕರುಣ್ ನಾಯರ್ ಅವರ ಕಥೆಯನ್ನು ಒಮ್ಮೆ ನೆನೆಯಬೇಕು.

2015ರ ಮಾರ್ಚಿನಲ್ಲಿ ವಾಂಖೆಡೆ ಮೈದಾನದಲ್ಲಿ ಕರ್ನಾಟಕ ಮತ್ತು ತಮಿಳುನಾಡು ತಂಡಗಳ ರಣಜಿ ಫೈನಲು. ಚರ್ಚ್‌ಗೇಟಿನ ಗಾಡಿ ಹತ್ತಿದರೆ ಮುಟ್ಟುವ ಜಾಗ. ತಮಿಳುನಾಡು 134ಕ್ಕೆ ಉರುಳಿತು. ಆದರೆ ಕರ್ನಾಟಕವೂ 84 ರನ್ನಿಗೆ ಐದು ವಿಕೆಟ್ಟು ಕಳೆದುಕೊಂಡಿತು. ಆಗ ಕರುಣರ ಜೊತೆಗೂಡಿದವರು, ನೋವಿನಿಂದ ಮೊದಲೇ ಆಟ ಬಿಟ್ಟು ಒಳಗೆ ಹೋಗಿದ್ದ ಕೆ. ಎಲ್. ರಾಹುಲ್. ಇಬ್ಬರೂ ಸೇರಿ ಆರನೆಯ ವಿಕೆಟ್ಟಿಗೆ 386 ರನ್ನು ಕೂಡಿಸಿದರು. ರಾಹುಲ್ 188, ಕರುಣ್ 328. ರಣಜಿ ಫೈನಲಿನಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಹೊಡೆದಿರಲಿಲ್ಲ. ಕರ್ನಾಟಕ 762 ಮಾಡಿ, ಒಂದು ಇನ್ನಿಂಗ್ಸು ಮತ್ತು 217 ರನ್ನುಗಳಿಂದ ಗೆದ್ದಿತು.

ಮರುವರುಷ, 2016ರ ಡಿಸೆಂಬರಿನಲ್ಲಿ, ಅದೇ ಕರುಣ್ ಮದರಾಸಿನಲ್ಲಿ ಇಂಗ್ಲೆಂಡಿನ ಮೇಲೆ ಔಟಾಗದೆ 303 ಹೊಡೆದರು. ಅದು ಅವರ ಮೂರನೆಯ ಟೆಸ್ಟು. ಮುಂದಿನ ಟೆಸ್ಟಿನಲ್ಲಿ ಅವರಿಗೆ ಜಾಗವಿರಲಿಲ್ಲ. ಬಳಿಕ ಮೂರು ಟೆಸ್ಟುಗಳಲ್ಲಿ ಅವಕಾಶ ಸಿಕ್ಕಿದರೂ ಬ್ಯಾಟು ಮಾತಾಡಲಿಲ್ಲ. 2017ರ ಮಾರ್ಚಿನ ನಂತರ ಬಾಗಿಲು ಮುಚ್ಚಿತು. 2022ರಲ್ಲಿ ಕರ್ನಾಟಕ ತಂಡವೂ ಅವರನ್ನು ಕೈಬಿಟ್ಟಿತು. ಸ್ವಂತ ಊರಿನಲ್ಲಿ ಎಡೆ ಸಿಗದವನು ಏನು ಮಾಡುತ್ತಾನೆ? ನಮ್ಮ ಹಿರಿಯರು ಮಾಡಿದ್ದನ್ನೇ ಅವರೂ ಮಾಡಿದರು. ಗಂಟು ಕಟ್ಟಿಕೊಂಡು ಪರರಾಜ್ಯಕ್ಕೆ ಹೋದರು. 2023ರಲ್ಲಿ ವಿದರ್ಭ ಅವರಿಗೆ ಜಾಗ ಕೊಟ್ಟಿತು.

2024-25ರ ವಿಜಯ್ ಹಜಾರೆ ಪಂದ್ಯಾವಳಿಯಲ್ಲಿ ಅವರು ವಿದರ್ಭದ ನಾಯಕರಾಗಿ ಐದು ಶತಕ ಹೊಡೆದರು. ಫೈನಲಿಗೆ ಮುಂಚೆ 752 ರನ್ನು ಮಾಡಿ ಒಂದೇ ಒಂದು ಸಲ ಔಟಾಗಿದ್ದರು. 2025ರ ಜನವರಿ 18ರಂದು ಬರೋಡೆಯಲ್ಲಿ ನಡೆದ ಆ ಫೈನಲಿನಲ್ಲಿ ಎದುರು ನಿಂತವರು ಯಾರು? ಕರ್ನಾಟಕದವರೇ. ನಮ್ಮ ಮನೆಗಳಲ್ಲಿ ಅಂದು ವಿಚಿತ್ರ ಸಂಕಟ. ಕರ್ನಾಟಕ ಗೆಲ್ಲಬೇಕು, ಕರುಣ್ ಮಾತ್ರ ಔಟಾಗಬಾರದು! ಪ್ರಸಿದ್ಧ್ ಕೃಷ್ಣ ಅವರನ್ನು 27ಕ್ಕೆ ಬೌಲ್ಡ್ ಮಾಡಿದರು. ಕರ್ನಾಟಕ 36 ರನ್ನುಗಳಿಂದ ಗೆದ್ದಿತು. ಆದರೆ ಅದೇ ಋತುವಿನ ರಣಜಿ ಫೈನಲಿನಲ್ಲಿ ನಾಗಪುರದಲ್ಲಿ ಕೇರಳದ ಮೇಲೆ 86 ಮತ್ತು 135 ಹೊಡೆದು ಕರುಣ್ ವಿದರ್ಭಕ್ಕೆ ಕಪ್ಪು ತಂದುಕೊಟ್ಟರು. ಎಂಟು ವರುಷ ಕಳೆದ ಮೇಲೆ, 2025ರ ಜೂನಿನಲ್ಲಿ, ಮತ್ತೆ ಭಾರತಕ್ಕಾಗಿ ಟೆಸ್ಟು ಆಡಿದರು. 2025-26ಕ್ಕೆ ಕರ್ನಾಟಕ ಅವರನ್ನು ಮರಳಿ ಕರೆಯಿತು.

ಇಂಗ್ಲೆಂಡಿನ ಆ ಪ್ರವಾಸದಲ್ಲಿ ಅವರಿಗೆ ಹೆಚ್ಚು ರನ್ನು ಬರಲಿಲ್ಲ. ಓವಲ್ ಮೈದಾನದ 57 ಬಿಟ್ಟರೆ ಅರ್ಧಶತಕವಿಲ್ಲ. ಮುಂದಿನ ಸರಣಿಗೆ ಜಾಗವೂ ಉಳಿಯಲಿಲ್ಲ. ಆಯ್ಕೆಗಾರರದು ಪೂರಾ ತಪ್ಪೆಂದು ನಾವು ಹೇಳುವುದಿಲ್ಲ. ರನ್ನು ಬಾರದವನನ್ನು ಎಷ್ಟು ದಿನ ಕಾಯಬೇಕೆಂಬುದು ಕಠಿಣವಾದ ಪ್ರಶ್ನೆ. ಹೊರಗೆ ಕಾಯುತ್ತಿರುವ ಹುಡುಗನೂ ಯಾರದೋ ಮನೆಯ ಮಗನೇ. ಆದರೆ ಜಾಗ ಕಳೆದುಕೊಳ್ಳುವುದು ಬೇರೆ, ಯೋಗ್ಯತೆ ಕಳೆದುಕೊಳ್ಳುವುದು ಬೇರೆ. ಇದನ್ನು ವಲಸೆ ಬಂದ ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಗಾಯದ ಮಾತು

ಎರಡನೆಯದು ಗಾಯ. ಇದರಲ್ಲಿ ನಮ್ಮ ನಾಲಗೆ ಕೊಂಚ ಹೆಚ್ಚೇ ಹರಿತ. 'ಕುಂಬ್ಳೆ ಮುರಿದ ದವಡೆಗೆ ಬಟ್ಟೆ ಕಟ್ಟಿಕೊಂಡು ಬೌಲು ಮಾಡಲಿಲ್ಲವೇ? ಈಗಿನವರಿಗೆ ಬೆರಳು ನೊಂದರೂ ರಜೆ' ಎನ್ನುವವರು ಬಹಳ. 2002ರ ಮೇ ತಿಂಗಳಲ್ಲಿ ಆಂಟಿಗಾದಲ್ಲಿ ಅನಿಲ್ ಕುಂಬ್ಳೆ ಹಾಗೆ 14 ಓವರು ಎಸೆದು ಬ್ರಯಾನ್ ಲಾರಾ ಅವರನ್ನು ಔಟು ಮಾಡಿದ್ದು ನಿಜ. ಪೋಲಿಯೋದಿಂದ ಸೊರಗಿದ ಬಲಗೈಯಿಂದಲೇ ಚಂದ್ರಶೇಖರ್ 242 ಟೆಸ್ಟ್ ವಿಕೆಟ್ಟು ಪಡೆದದ್ದೂ ನಿಜ. ಅವೆಲ್ಲ ನಮಸ್ಕಾರಕ್ಕೆ ಯೋಗ್ಯವಾದ ಮಾತುಗಳು. ಆದರೆ ಅವನ್ನು ಅಳತೆಗೋಲು ಮಾಡಿ ಇನ್ನೊಬ್ಬನ ನೋವನ್ನು ಅಳೆಯುವುದು ಸರಿಯಲ್ಲ.

ವೇಗದ ಬೌಲರು ಪ್ರತಿ ಎಸೆತಕ್ಕೂ ಮೈಭಾರವನ್ನೆಲ್ಲ ಮುಂಗಾಲಿನ ಮೇಲೆ ಕುಕ್ಕುತ್ತಾನೆ. ಅದೇ ಕ್ಷಣ ಬೆನ್ನು ತಿರುಚುತ್ತದೆ. ದಿನಕ್ಕೆ ನೂರು ಸಲ ಹೀಗಾದರೆ ನಡುವಿನ ಎಲುಬಿನಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಹೊರಗೆ ರಕ್ತವಿಲ್ಲ, ಬಾವಿಲ್ಲ. ಆದರೂ ತಿಂಗಳುಗಟ್ಟಲೆ ವಿಶ್ರಾಂತಿ ಬೇಕು. ಪ್ರಸಿದ್ಧ್ ಕೃಷ್ಣ ಇಂಥ ಬೆನ್ನಿನ ಬಿರುಕಿನಿಂದ ಬಹುಕಾಲ ಹೊರಗಿದ್ದರು. ಅದಕ್ಕೂ ಮುಂಚೆ, 1997ರಲ್ಲಿ, ಜಾವಗಲ್ ಶ್ರೀನಾಥರ ಭುಜಕ್ಕೆ ಶಸ್ತ್ರಚಿಕಿತ್ಸೆಯಾದಾಗ ಅವರ ವೇಗ ಮುಗಿಯಿತೆಂದು ಎಷ್ಟು ಮಂದಿ ಹೇಳಲಿಲ್ಲ! ಶ್ರೀನಾಥ್ 2003ರ ವಿಶ್ವಕಪ್ಪಿನ ಫೈನಲಿನ ತನಕ ಆಡಿದರು.

ಒಬ್ಬನ ಗಾಯ ಇಡೀ ಪಂದ್ಯವನ್ನು ಹೇಗೆ ತಿರುಗಿಸುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. 2020ರ ಜನವರಿಯಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದ ಮೈದಾನದಲ್ಲಿ ಫೀಲ್ಡಿಂಗು ಮಾಡುವಾಗ ಮುಂಬಯಿಯ ಪೃಥ್ವಿ ಶಾ ಭುಜಕ್ಕೆ ಪೆಟ್ಟು ಮಾಡಿಕೊಂಡರು. ಎರಡನೆಯ ಇನ್ನಿಂಗ್ಸಿಗೆ ಬ್ಯಾಟು ಹಿಡಿಯಲಾಗಲಿಲ್ಲ. ಮುಂಬಯಿ 149ಕ್ಕೆ ಮುಗಿದು ಕರ್ನಾಟಕ 5 ವಿಕೆಟ್ಟುಗಳಿಂದ ಗೆದ್ದಿತು. ನಾಲ್ಕು ವರುಷದ ನಂತರ, 2024ರ ಜನವರಿಯಲ್ಲಿ, ಅಹಮದಾಬಾದಿನಲ್ಲಿ ಪೆಟ್ಟು ನಮಗೆ ಬಿತ್ತು. ಪ್ರಸಿದ್ಧ್ ತೊಡೆಯ ಸ್ನಾಯು ನೊಂದು ಪಂದ್ಯದ ನಡುವೆ ಹೊರಬಿದ್ದರು. ಗೆಲ್ಲಲು 110 ಸಾಕಾಗಿದ್ದರೂ ಕರ್ನಾಟಕ 103ಕ್ಕೆ ಕುಸಿದು 6 ರನ್ನುಗಳಿಂದ ಗುಜರಾತಿಗೆ ಸೋತಿತು. ಪಂದ್ಯದ ನಡುವೆ ಗಂಭೀರವಾಗಿ ಗಾಯಗೊಂಡವನ ಬದಲಿಗೆ ಬ್ಯಾಟು, ಬೌಲು ಎರಡನ್ನೂ ಮಾಡಬಲ್ಲ ಇನ್ನೊಬ್ಬನನ್ನು ಇಳಿಸಬಹುದೆಂಬ ನಿಯಮ ದೇಶೀಯ ಪಂದ್ಯಗಳಿಗೆ 2025-26ರಲ್ಲಿ ಬಂತು. ಅದರಿಂದ ನೋವನ್ನು ಮುಚ್ಚಿಟ್ಟು ಆಡುವ ಒತ್ತಾಯ ಕೊಂಚವಾದರೂ ಕಡಿಮೆಯಾದರೆ ಒಳ್ಳೆಯದೇ.

ಆಯ್ಕೆಯ ಮಾತು

ಮೂರನೆಯದು ಆಯ್ಕೆ. ಇಲ್ಲಿ ಪ್ರತಿಯೊಬ್ಬರೂ ಆಯ್ಕೆಗಾರರೇ. ಧಾರವಾಡದ ಕಡೆಯವರಿಗೆ ಉತ್ತರ ಕರ್ನಾಟಕದ ಹುಡುಗನಿಲ್ಲವೆಂಬ ಕೊರಗು. ಗದುಗಿನ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಮೇಲೆ 10 ಓವರಿನಲ್ಲಿ ಬರಿಯ 6 ರನ್ನು ಕೊಟ್ಟು 5 ವಿಕೆಟ್ಟು ತೆಗೆದದ್ದನ್ನು ಅವರು ಇಂದಿಗೂ ಎತ್ತಿ ಹೇಳುತ್ತಾರೆ. ಕರಾವಳಿಯವರು ರಾಹುಲ್ ಮಂಗಳೂರಿನಲ್ಲಿ ಬೆಳೆದವರೆಂದು ನೆನಪಿಸುತ್ತಾರೆ. ಬೆಂಗಳೂರಿನವರು ಮಾತ್ರ ಸುಮ್ಮನೆ ನಗುತ್ತಾರೆ. ಅಭಿಮಾನ ಇರಲಿ, ಆದರೆ ರಣಜಿಯ ಲೆಕ್ಕವನ್ನು ಮರೆಯಬಾರದು. ಲೀಗ್ ಪಂದ್ಯದಲ್ಲಿ ಪೂರ್ಣ ಗೆದ್ದರೆ 6 ಅಂಕ. ಗೆಲುವು ಯಾರಿಗೂ ದಕ್ಕದಿದ್ದರೆ ಮೊದಲ ಇನ್ನಿಂಗ್ಸಿನಲ್ಲಿ ಮುಂದಿದ್ದವರಿಗೆ 3, ಹಿಂದಿದ್ದವರಿಗೆ 1. ಆದ್ದರಿಂದ ಬರಿಯ ದಾಂಡಿಗರನ್ನು ತುಂಬಿಕೊಂಡರೆ ಸೋಲದೆ ಉಳಿಯಬಹುದು, ಇಪ್ಪತ್ತು ವಿಕೆಟ್ಟು ತೆಗೆಯುವುದು ಕಷ್ಟ. ಹೊರಗುಳಿದ ಪ್ರತಿ ಹುಡುಗನ ಹಿಂದೆಯೂ ಜಾತಿ, ಊರು, ವಶೀಲಿಯ ಕಾರಣವನ್ನೇ ಹುಡುಕದೆ ಈ ಲೆಕ್ಕವನ್ನೂ ಒಮ್ಮೆ ನೋಡಬೇಕು.

ಆಯ್ಕೆಯಲ್ಲಿ ದೈವದ ಪಾಲೂ ಇದೆ. ಮೂಲ್ಕಿಯಲ್ಲಿ ಹುಟ್ಟಿ ಬೊಂಬಾಯಿಯಲ್ಲಿ ಬೆಳೆದ ಬುಧಿ ಕುಂದರನ್ ಒಂದು ರಣಜಿ ಪಂದ್ಯವನ್ನೂ ಆಡುವ ಮುನ್ನವೇ, 1960ರ ಜನವರಿಯಲ್ಲಿ, ಬ್ರೆಬೋರ್ನ್ ಮೈದಾನದಲ್ಲಿ ಆಸ್ಟ್ರೇಲಿಯದ ಎದುರು ಭಾರತದ ವಿಕೆಟ್ ಕೀಪರಾಗಿ ಇಳಿದರು. 1964ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಮೇಲೆ 192 ಹೊಡೆದರು. ಆದರೂ ಕೀಪರನ ಜಾಗ ಒಂದೇ. ಫರೂಕ್ ಇಂಜಿನಿಯರರೂ ಅದೇ ಕಾಲದವರು. 1967ರಲ್ಲಿ ಕುಂದರನ್ನರ ಟೆಸ್ಟ್ ಆಟ 18 ಪಂದ್ಯಗಳಿಗೆ ಮುಗಿಯಿತು. ಯೋಗ್ಯರು ಇಬ್ಬರಿದ್ದು ಜಾಗ ಒಂದಿದ್ದರೆ ಒಬ್ಬರು ಹೊರಗೆ ನಿಲ್ಲಲೇಬೇಕು. ಅದಕ್ಕೆ ಯಾರನ್ನು ಬಯ್ಯುವುದು?

ಮಕ್ಕಳ ತಂಡ

ಕೊನೆಯ ಮಾತು ಮಕ್ಕಳದು. ಅಂಧೇರಿಯಲ್ಲಿ ಹುಟ್ಟಿದ ಮಗು ಮುಂಬಯಿ ತಂಡಕ್ಕೆ ಜೈ ಎಂದರೆ ಕೆಲವು ಅಜ್ಜಂದಿರು ಮುನಿಯುತ್ತಾರೆ. ಮುನಿಯಬೇಕಾಗಿಲ್ಲ. ಮಂಗಳೂರು ಮೂಲದ ಮನೆತನದ ರವಿ ಶಾಸ್ತ್ರಿ ಬೊಂಬಾಯಿಗೇ ಆಡಲಿಲ್ಲವೇ? ಹುಟ್ಟಿದ ಊರಿನ ತಂಡವನ್ನು ಪ್ರೀತಿಸುವ ಹಕ್ಕು ನಮಗಿರುವಂತೆ ಅವರಿಗೂ ಇದೆ. ಒಂದೇ ಮನೆಯಲ್ಲಿ ಎರಡು ತಂಡಗಳಿದ್ದರೆ ಊಟದ ಹೊತ್ತಿನ ಮಾತಿಗೆ ಒಗ್ಗರಣೆ ಬೀಳುತ್ತದೆ, ಅಷ್ಟೆ.

ಆದರೆ ಕರ್ನಾಟಕ ತಂಡ ಮುಂಬಯಿಗೆ ಬಂದಾಗ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯಿರಿ. ಬುತ್ತಿ ಕಟ್ಟಿಕೊಂಡು ಹೋಗಿ ಒಂದು ದಿನ ಕುಳಿತು ನೋಡಿರಿ. ಯಾವನು ಔಟಾಗಿ ತಲೆ ತಗ್ಗಿಸಿ ಬರುತ್ತಾನೆ, ಯಾವನು ಹನ್ನೆರಡನೆಯವನಾಗಿ ನೀರು ಹೊತ್ತು ಓಡುತ್ತಾನೆ ಎಂಬುದನ್ನು ಅವರಿಗೆ ತೋರಿಸಿರಿ. ವಾಂಖೆಡೆಯಲ್ಲಿ 328 ಹೊಡೆದವರು ಏಳು ವರುಷಕ್ಕೆ ಜಾಗ ಕಳೆದುಕೊಂಡು, ಪರಊರಿನಲ್ಲಿ ದುಡಿದು, ಮತ್ತೆ ಮನೆಗೆ ಬಂದ ಸಂಗತಿಯನ್ನು ಹೇಳಿರಿ. ಪರೀಕ್ಷೆಯಲ್ಲಿ ಒಂದು ಸಲ ಅಂಕ ಕಡಿಮೆ ಬಂದ ಹುಡುಗನಿಗೆ, ಕೆಲಸ ಹೋಗಿ ಮನೆಯಲ್ಲಿ ಕುಳಿತ ಅಣ್ಣನಿಗೆ ಆ ಕಥೆ ಯಾವ ಉಪದೇಶಕ್ಕಿಂತಲೂ ಹೆಚ್ಚು ಧೈರ್ಯ ಕೊಟ್ಟೀತು.

ಮುಂದಿನ ಋತುವಿನಲ್ಲೂ ನಮ್ಮ ಚರ್ಚೆ ನಡೆಯಲಿ; ಜೋರಾಗಿಯೇ ನಡೆಯಲಿ. ಒಂದು ಕಟ್ಟಳೆ ಮಾತ್ರ ಇರಲಿ: ಆಟಗಾರ ಎದುರಿಗೆ ಕುಳಿತಿದ್ದರೆ ಆಡಲಾರದ ಮಾತನ್ನು ಅವನ ಹಿಂದೆಯೂ ಆಡದಿರೋಣ.